ಹಡಗು ಇನ್ನೂ ಬಂದಿಲ್ಲ

ಜೂನ್ ೩, ಸೋಮವಾರ

ಇಂದು ಕಚೇರಿಗೆ ಇಂಟರ್ನೆಟ್ ಬಂತು. ಬಂದು ನನ್ನ ಮೇಜಿನ ಮೇಲೆ ಕುಳಿತುಕೊಂಡಿತು.

ಬಂದರಿನಿಂದ ಸರಕು ಬಿಡಿಸಿಕೊಡುವ ಕಚೇರಿಗೆ ಇದೆಲ್ಲ ಯಾಕೆ ಎಂದು ನಮ್ಮ ಗುಮಾಸ್ತ ಸೀಲಣ್ಣ ಬೆಳಗಿನಿಂದ ಗೊಣಗುತ್ತಿದ್ದ. ಯಾವ ಹಡಗು ಯಾವಾಗ ಬರುತ್ತದೆ, ಬಂದಿದೆಯೋ ಇಲ್ಲವೋ, ಎಲ್ಲವನ್ನೂ ಬಂದರಿನವರು ಈಗ ತಮ್ಮ ಇಂಟರ್ನೆಟ್ ಪುಟದಲ್ಲೇ ಹಾಕುತ್ತಾರಂತೆ. ಇನ್ನು ಮುಂದೆ ಅಲ್ಲಿಯವರೆಗೆ ನಡೆದು, ಹಡಗಿನ ಸುದ್ದಿ ಬರೆದು ಹಾಕಿದ ಹಲಗೆ ನೋಡಿ ಬರಬೇಕಾಗಿಲ್ಲ ಎಂದರು ಯಜಮಾನರು. ಸೀಲಣ್ಣನ ಮುಖ ಸಪ್ಪಗಾಯಿತು. ಹಲಗೆ ನೋಡಲು ಹೋಗುವವನು ಅವನೇ, ದಾರಿಯಲ್ಲಿ ಚಹಾ ಕುಡಿಯುತ್ತ ಕೂರುವವನೂ ಅವನೇ. ಕಾಗದ ಕಂಡಲ್ಲೆಲ್ಲ ಸೀಲು ಒತ್ತುವುದೊಂದೇ ಇನ್ನು ಅವನಿಗೆ ಉಳಿದ ಸುಖ.

ಫೋನ್ ಲೈನು ಒಂದೇ, ಮೋಡೆಮ್ ಒಂದೇ, ಕಂಪ್ಯೂಟರ್ ನಾಲ್ಕು. ರಿಪೇರಿಯವರು ಬಂದು ಮೋಡೆಮನ್ನು ನನ್ನದಕ್ಕೆ ಸಿಕ್ಕಿಸಿ, ಉಳಿದವಕ್ಕೆಲ್ಲ ಗೋಡೆಯಗುಂಟ ತಂತಿ ಎಳೆದರು.

“ಉಳಿದ ಮೂರೂ ಹೊರಗಡೆ ನೇರವಾಗಿ ಹೋಗಲ್ಲ ಮೇಡಂ. ನಿಮ್ಮದನ್ನ ಕೇಳ್ತವೆ. ನಿಮ್ಮದು ಅವುಗಳ ಪರವಾಗಿ ಹೊರಗೆ ಕೇಳಿ, ಉತ್ತರ ತಂದು ಕೊಡುತ್ತೆ. ಪ್ರಾಕ್ಸಿ ಅಂತಾರೆ ಇದಕ್ಕೆ.”

“ಅದಕ್ಕೆ ಸುಸ್ತಾಗಲ್ವಾ?” ಎಂದೆ.

ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಮನೆಗೆ ಬಂದರೆ ಅಮ್ಮ ಅಡುಗೆಮನೆಯಲ್ಲಿ, ಅಪ್ಪ ಬಾಲ್ಕನಿಯಲ್ಲಿ. “ನಿಮ್ಮಪ್ಪನಿಗೆ ಹೇಳು, ಊಟಕ್ಕೆ ಹೊತ್ತಾಯ್ತು ಅಂತ.” ಬಾಲ್ಕನಿಗೆ ಹೋಗಿ ಹೇಳಿದೆ. “ನಿಮ್ಮಮ್ಮನಿಗೆ ಹೇಳು, ಬರ್ತೀನಿ ಅಂತ.” ಅಡುಗೆಮನೆಗೆ ಬಂದು ಹೇಳಿದೆ. ಎರಡರ ನಡುವೆ ಇರುವುದು ಒಂದು ಬಾಗಿಲು. ಅದಕ್ಕೆ ಕದವೂ ಇಲ್ಲ.

ಜೂನ್ ೫, ಬುಧವಾರ

ಸೀಲಣ್ಣ ಚಹಾ ಹೇಳಲು ಫೋನ್ ಎತ್ತಿದ. ಲೈನು ಕಟ್ಟಾಯಿತು. “ಅಕ್ಕಾ, ಹೋಯ್ತು” ಎಂದು ಉಳಿದ ಮೇಜುಗಳಿಂದ ಒಂದೇ ಕೂಗು. ಮೋಡೆಮ್ ಮತ್ತೆ ಕೀರಲು ದನಿಯಲ್ಲಿ ಕಿರುಚಿ ಕಿರುಚಿ ಹತ್ತಿಕೊಳ್ಳುವಷ್ಟರಲ್ಲಿ ಯಜಮಾನರು ತಮ್ಮ ಕೋಣೆಯಿಂದ ಫೋನ್ ಎತ್ತಿದರು. ಮತ್ತೆ “ಅಕ್ಕಾ, ಹೋಯ್ತು.” ನಾನೇನು ಹೊತ್ತುಕೊಂಡು ಹೋದೆನೇ?

ನನ್ನ ಕಂಪ್ಯೂಟರ್ ಆರಿಸುವಂತಿಲ್ಲ. ಆರಿಸಿದರೆ ಎಲ್ಲರದೂ ನಿಲ್ಲುತ್ತದೆ. ಹಾಗಾಗಿ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಬೇಕು, ಎಲ್ಲರೂ ಎದ್ದಮೇಲೆ ಏಳಬೇಕು. ಈ ಏರ್ಪಾಡನ್ನು ಯಾರೂ ನನ್ನನ್ನು ಕೇಳಿ ಮಾಡಲಿಲ್ಲ. ಮನೆಯದೂ ಅಷ್ಟೇ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರಿಬ್ಬರೂ ವರ್ಷಗಟ್ಟಲೆ ಉಂಡಿದ್ದಾರೆ, ಮಲಗಿದ್ದಾರೆ, ಜಗಳ ಹಾಗೇ ಇದೆ. ಜಗಳ ಅನ್ನುವುದೂ ತಪ್ಪು, ಜಗಳಕ್ಕೆ ಮಾತಾದರೂ ಬೇಕು. ಹಿಂದೊಮ್ಮೆ ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಅಪ್ಪ ಅವಳ ಹೊಲಿಗೆ ಯಂತ್ರವನ್ನು ಮಾರಿಬಿಟ್ಟರು. ಅವಳು ಬಂದು ಖಾಲಿ ಮೂಲೆ ನೋಡಿದಳು, ಕೈಕಾಲು ತೊಳೆದು ಅಡುಗೆಗೆ ನಿಂತಳು. ಯಾಕೆ ಮಾರಿದಿರಿ ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಅಂದಿನಿಂದ ಇಬ್ಬರ ಮಾತೂ ನನ್ನ ಮೂಲಕವೇ ಹೋಗಿ ಬರುತ್ತಿದೆ. ಆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ನನ್ನ ಕೈಲಿ ಕಳಿಸಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೂಸಿಗೆ ಈಗ ಮೂವತ್ತೆಂಟು, ಓದಲು ಕನ್ನಡಕ ಬೇಕು.

ಜೂನ್ ೮, ಶನಿವಾರ

ಚಿಕ್ಕಮ್ಮ ಫೋನ್ ಮಾಡಿದ್ದಳು. ಅವಳ ಮನೆಯಲ್ಲಿ ಬಾಡಿಗೆಗಿದ್ದವರು ಬಿಟ್ಟು ಹೋದರಂತೆ. ಕೋಣೆ ಖಾಲಿ ಇದೆ, ಅಕ್ಕ ಬಂದು ನನ್ನ ಜೊತೆಗೇ ಇದ್ದುಬಿಡಲಿ ಎಂದಳು. ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ತೊಳೆದಿಟ್ಟಳು. ಆಮೇಲೆ, “ಅವಳ ಹತ್ರ ಹೊಲಿಗೆ ಮೆಷಿನ್ ಇದೆ” ಎಂದಳು.

ಜೂನ್ ೧೨, ಬುಧವಾರ

ಎಲ್ಲರಿಗೂ ನಿಧಾನ, ಎಲ್ಲರಿಗೂ ನಾನೇ ಕಾರಣ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಸೀಲಣ್ಣ ನನ್ನ ಬೆನ್ನ ಹಿಂದೆಯೇ ಅಂದ. ಯಜಮಾನರೋ, ಪುಟ ಬರುವಷ್ಟರಲ್ಲಿ ಗಡ್ಡ ಬರುತ್ತೆ ಎಂದರು. ತಲೆ ಚಿಟ್ಟು ಹಿಡಿದು ಪ್ರಾಕ್ಸಿಯ ಒಳಗೆಲ್ಲ ಹುಡುಕಾಡಿದೆ. ಒಮ್ಮೆ ತಂದ ಪುಟದ ಪ್ರತಿಯನ್ನು ಅದು ತನ್ನ ಬಳಿ ಇಟ್ಟುಕೊಂಡಿರುತ್ತದೆ. ಮತ್ತೆ ಯಾರಾದರೂ ಅದೇ ಪುಟ ಕೇಳಿದರೆ, ಅಲ್ಲಿ ಏನಾದರೂ ಬದಲಾಗಿದೆಯೇ ಎಂದು ಹೊರಗೆ ಪ್ರತಿ ಸಲ ವಿಚಾರಿಸಬೇಕೆ, ಆಗಾಗ ವಿಚಾರಿಸಬೇಕೆ, ವಿಚಾರಿಸುವುದೇ ಬೇಡವೆ ಎಂದು ಕೇಳುತ್ತದೆ.

ಬೇಡ ಎಂದು ಒತ್ತಿದೆ.

ಏನು ವೇಗ. ಪುಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿವೆ. ಟೈಪಿಸ್ಟ್ ಹುಡುಗಿ ತನ್ನ ಡಬ್ಬಿಯಿಂದ ಒಂದು ಬಿಸ್ಕತ್ತು ಕೊಟ್ಟಳು. ಯಜಮಾನರು, “ಇಷ್ಟು ದಿನ ಎಲ್ಲಿಟ್ಟಿದ್ರಿ ಈ ವಿದ್ಯೇನ?” ಎಂದರು. ಮಧ್ಯಾಹ್ನ ಯಾರೂ ನನ್ನನ್ನು ಕೂಗಲಿಲ್ಲ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕುಳಿತಿದ್ದೆ.

ಜೂನ್ ೧೪, ಶುಕ್ರವಾರ

ಚಪ್ಪಲಿ ಬಿಡುವ ಮೊದಲೇ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಯಾವತ್ತೂ ಹಾಗೆ ಬರುವವಳಲ್ಲ.

“ನಿಮ್ಮಪ್ಪನನ್ನ ಕೇಳು, ನಾನು ತಂಗಿ ಹತ್ರ ಹೋಗಿ ಇದ್ದುಬಿಡಲಾ ಅಂತ.” ಆಮೇಲೆ ತಗ್ಗಿದ ದನಿಯಲ್ಲಿ, “ಬೇಡ ಅಂದ್ರೆ ಹೋಗಲ್ಲ. ಅದನ್ನೂ ಹೇಳು” ಎಂದಳು.

ಅಪ್ಪ ಸ್ನಾನಕ್ಕೆ ಹೋಗಿದ್ದರು. ಬಚ್ಚಲಿನ ಬಾಗಿಲಿನವರೆಗೆ ಹೋದೆ. ಒಳಗೆ ನೀರಿನ ಸದ್ದು. ಕಾಲು ಎಷ್ಟು ನೋಯುತ್ತಿತ್ತೆಂದರೆ ಗೋಡೆಗೆ ಒರಗಿದೆ. ಅವರು ಏನನ್ನುತ್ತಾರೆಂದು ನನಗೆ ಗೊತ್ತಿಲ್ಲವೇ? ಪರದೆ ಬಟ್ಟೆ ಯಾವ ಬಣ್ಣದ್ದು ತರಲಿ ಅಂದರೆ ಅವಳಿಷ್ಟ. ತರಕಾರಿ ಯಾವುದು ಅಂದರೆ ಅವಳಿಷ್ಟ. ಇಷ್ಟು ವರ್ಷ ಹೊತ್ತು ತಂದ ಉತ್ತರ ಅದೊಂದೇ. ಅದನ್ನು ಕೇಳಲು ಇನ್ನೊಂದು ಸಲ ಯಾಕೆ ಕಾಯಬೇಕು?

ಹಿಂತಿರುಗಿ ಬಂದು, “ನಿನ್ನಿಷ್ಟ ಅಂದ್ರು” ಎಂದೆ.

“ಅಷ್ಟೇನಾ?”

“ಅಷ್ಟೇ.”

ಅಮ್ಮ ಒರೆಸಿಟ್ಟಿದ್ದ ಪಾತ್ರೆಯನ್ನೇ ಮತ್ತೊಮ್ಮೆ ಒರೆಸಿದಳು.

ಕೇಳಿದ್ದರೂ ಅದೇ ಬರುತ್ತಿತ್ತು. ನನಗೆ ಒಂದು ಸುತ್ತು ಉಳಿಯಿತು.

ಜೂನ್ ೧೬, ಭಾನುವಾರ

ಅಮ್ಮ ಹೋದಳು. ಒಂದು ಪೆಟ್ಟಿಗೆ, ಒಂದು ಕೈಚೀಲ. ಇಷ್ಟು ವರ್ಷದ ಸಂಸಾರ ಇಷ್ಟೇ ಜಾಗ ಹಿಡಿಯಿತಲ್ಲ ಎಂದು ಆಶ್ಚರ್ಯವಾಯಿತು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, “ನಿಮ್ಮಪ್ಪನಿಗೆ ಹೇಳು...” ಎಂದು ಶುರುಮಾಡಿದವಳು, “ಬೇಡ ಬಿಡು” ಎಂದು ಕಿಟಕಿ ಎಳೆದುಕೊಂಡಳು.

ನಾನು ಮನೆಗೆ ಬಂದಾಗ ಅಪ್ಪ ಬಾಲ್ಕನಿಯಲ್ಲಿ ನಿಂತೇ ಇದ್ದರು.

“ಎಲ್ಲಿಗಂತೆ?”

“ಚಿಕ್ಕಮ್ಮನ ಮನೆಗೆ.”

“ಯಾವಾಗ ಬರ್ತಾಳಂತೆ?”

ಎಲ್ಲ ಬಿಡಿಸಿ ಹೇಳಲು ಕೂರಬೇಕಿತ್ತು. ಕೂತರೆ ಮತ್ತೆ ಏಳುವ ಶಕ್ತಿ ಇರಲಿಲ್ಲ.

“ಬರ್ತಾಳೆ” ಎಂದೆ.

ಜೂನ್ ೧೮, ಮಂಗಳವಾರ

ಮನೆಯಲ್ಲಿ ಈಗ ಹೊತ್ತು ತಿರುಗಲು ಮಾತೇ ಇಲ್ಲ. ಹಗುರವಾಗಬೇಕಿತ್ತು. ಮೊದಲಿಗಿಂತ ಹೆಚ್ಚು ಸುಸ್ತು.

“ಏನಾದ್ರೂ ಅಂದಳಾ?” ಎಂದು ಅಪ್ಪ ಕೇಳಿದರು.

“ಚೆನ್ನಾಗಿದ್ದಾಳಂತೆ.”

ಫೋನ್ ಮಾಡಿರಲಿಲ್ಲ. ಚೆನ್ನಾಗಿಯೇ ಇರುತ್ತಾಳೆ, ತಂಗಿಯ ಮನೆಯಲ್ಲಿ ಇನ್ನೇನು.

ಜೂನ್ ೧೯, ಬುಧವಾರ

ಈ ವಾರ ನಮಗಿರುವುದು ಒಂದೇ ಹಡಗು, ಅದೂ ಬಂದಿಲ್ಲ. ನರ್ಸರಿಯವರ ಗುಲಾಬಿ ಸಸಿಗಳು ಅದರಲ್ಲಿವೆ. ಪೆಟ್ಟಿಗೆಗಳನ್ನು ಇಳಿಸಿದ ದಿನವೇ ಬಿಡಿಸಿಕೊಂಡು ನೀರು ತೋರಿಸದಿದ್ದರೆ ಒಣಗಿಹೋಗುತ್ತವಂತೆ. ಫೋನ್ ಮಾಡಿದರೆ ಯಾವಾಗಲೂ ಎಂಗೇಜ್ ಎಂದು ಪಾಪ ಅವರೇ ಬೆಳಿಗ್ಗೆ ಬಂದು ಹೋದರು, ಮಧ್ಯಾಹ್ನ ಮತ್ತೆ ಬಂದರು. ಸೀಲಣ್ಣ ಪುಟ ತೆಗೆದು ತೋರಿಸಿದ. ಹಡಗು ಇನ್ನೂ ಬಂದಿಲ್ಲ. ಹಡಗು ತಡವಾಗುವುದೇನು ಹೊಸದೇ?

ಅಪ್ಪ ಬಾಲ್ಕನಿಯ ಕುರ್ಚಿಯನ್ನು ಒಳಗೆ ತಂದು, ಹೊಲಿಗೆ ಯಂತ್ರ ಇದ್ದ ಮೂಲೆಯಲ್ಲಿ ಹಾಕಿಕೊಂಡು ಕುಳಿತಿದ್ದಾರೆ. ಅಲ್ಲಿ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಸಂಜೆ ಮತ್ತೆ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಇವತ್ತು ಅವರು, “ಅವಳು ಹಾಗಂದಳಾ?” ಎಂದು ಇನ್ನೊಮ್ಮೆ ಕೇಳಿದರು. ಹೂಂ ಎಂದೆ.

ಜೂನ್ ೨೧, ಶುಕ್ರವಾರ

ಊಟದ ಹೊತ್ತಿಗೆ ನರ್ಸರಿಯವರು ಮೆಟ್ಟಿಲು ಹತ್ತಿ ಬಂದರು. ಷೂ ತುಂಬ ಬಂದರಿನ ಕೆಸರು. ಸೀಲಣ್ಣನ ಮೇಜಿನ ಮುಂದೆ ನಿಂತು, “ಹಡಗು ಬಂತಾ?” ಎಂದರು.

ಸೀಲಣ್ಣ ಪುಟ ತೆಗೆದ. “ಇನ್ನೂ ಬಂದಿಲ್ಲ ಸಾರ್.”

“ನಾನು ಅದರ ಹೊಟ್ಟೆ ಮುಟ್ಟಿ ಬರ್ತಿದ್ದೀನಿ.”

ಸೀಲಣ್ಣ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದ. “ನೀವೇ ನೋಡಿ ಸಾರ್. ಬಂದಿಲ್ಲ ಅಂತ ಇದೆ.”

“ಹಾಗಾದ್ರೆ ಇದನ್ನ ಹೊತ್ಕೊಂಡು ಹೋಗಿ ಹಡಗಿಗೆ ತೋರಿಸಿ. ಅದಕ್ಕೂ ಗೊತ್ತಾಗಲಿ.”

ಯಜಮಾನರು ಹೊರಗೆ ಬಂದರು. ಅವರ ಕಂಪ್ಯೂಟರಿನಲ್ಲೂ ಬಂದಿಲ್ಲ ಅಂತಲೇ ಇತ್ತು. ಆಗ ಟೈಪಿಸ್ಟ್ ಹುಡುಗಿ, ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ, “ಕೈ ತೊಳೆಯೋ ಕಡೆ ಕಿಟಕಿ ಇದೆಯಲ್ಲ, ಅಲ್ಲಿಂದ ಒಂದು ಹಡಗು ಕಾಣ್ತಿತ್ತು, ಈ ವಾರವೆಲ್ಲ. ಕಂಪ್ಯೂಟರಲ್ಲಿ ಬಂದಿಲ್ಲ ಅಂತ ಇತ್ತಲ್ಲ, ಅದಕ್ಕೇ ಬೇರೆ ಯಾವುದೋ ಇರಬೇಕು ಅಂದ್ಕೊಂಡೆ” ಎಂದಳು.

ಎಲ್ಲರೂ ಆ ಇಕ್ಕಟ್ಟಿನಲ್ಲಿ ಹೋಗಿ ನಿಂತೆವು. ಗೋದಾಮಿನ ಛಾವಣಿಯ ಆಚೆ, ಮನೆಯಷ್ಟು ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದುಕೊಂಡು ನಮ್ಮ ಹಡಗೇ ನಿಂತಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ನಾವು ಕಣ್ಣಾರೆ ಕಂಡು, ಪರಾಂಬರಿಸಿ, ಹಡಗೇ ಸುಳ್ಳು ಎಂದು ತೀರ್ಮಾನಿಸಿದ್ದೆವು.

ನನಗೆ ಅಲ್ಲೇ ಅರ್ಥವಾಯಿತು.

“ನಾನೇ ಮಾಡಿದ್ದು” ಎಂದೆ. “ಬೇಗ ಬರಲಿ ಅಂತ, ಹೊರಗೆ ವಿಚಾರಿಸೋದೇ ಬೇಡ ಅಂತ ಇಟ್ಟಿದ್ದೆ. ಹೋದ ವಾರದ ಬುಧವಾರ ತಂದ ಪುಟವನ್ನೇ ಎಲ್ಲರಿಗೂ ಕೊಡ್ತಾ ಇದೆ.”

“ನಾವು ದಿನಾ ಕೇಳ್ತಿದ್ವಲ್ಲ?” ಎಂದರು ಯಜಮಾನರು.

“ನೀವು ನನ್ನದನ್ನ ಕೇಳ್ತಿದ್ರಿ. ನನ್ನದು ಯಾರನ್ನೂ ಕೇಳ್ತಿರಲಿಲ್ಲ.”

ಯಜಮಾನರು ಬಯ್ದರು. ಬಯ್ಯಬೇಕಾದ್ದೇ. ಮಧ್ಯಾಹ್ನವೆಲ್ಲ ಓಡಾಡಿ ಪೆಟ್ಟಿಗೆಗಳನ್ನು ಬಿಡಿಸಿದೆವು. ನರ್ಸರಿಯವರು ಬಂದರಿನಲ್ಲೇ ನೆಲದ ಮೇಲೆ ಕುಳಿತು ಒಂದನ್ನು ಬಿಚ್ಚಿದರು. ಅರ್ಧಕ್ಕರ್ಧ ಸಸಿಗಳ ಚಿಗುರು ಕಪ್ಪಾಗಿತ್ತು. ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು, ಒಳಗೆ ಹಸಿರಿದೆಯೇ ನೋಡುತ್ತ, ನನ್ನ ಕಡೆ ತಿರುಗದೆ ಹೇಳಿದರು:

“ಬಂದಿಲ್ಲ ಅಂದ್ರಿ ಅಂತ ಮನೇಲಿ ಕೂತೆ ಕಣಮ್ಮ. ಗೊತ್ತಿಲ್ಲ ಅಂದಿದ್ರೆ ಎದ್ದು ಬಂದು ನೋಡ್ತಿದ್ದೆ.”

ಮನೆಗೆ ಬಂದು ಮೇಲೆ ಹತ್ತಲಾಗಲಿಲ್ಲ. ಮೆಟ್ಟಿಲ ಮೇಲೆಯೇ ತುಂಬ ಹೊತ್ತು ಕುಳಿತಿದ್ದೆ. ಬಾಗಿಲು ತೆಗೆದರೆ ಅಪ್ಪ ಕೇಳುತ್ತಾರೆ, ಏನಾದ್ರೂ ಅಂದಳಾ ಎಂದು. ಕೇಳಿದರು.

“ಗೊತ್ತಿಲ್ಲ ಅಪ್ಪ” ಎಂದೆ. ಅವರು ನನ್ನ ಮುಖ ನೋಡಿದರು.

ಜೂನ್ ೨೨, ಶನಿವಾರ

ಬೆಳಿಗ್ಗೆ ಹೋದವಳೇ ಪ್ರತಿ ಸಲವೂ ವಿಚಾರಿಸು ಎಂದು ಇಟ್ಟೆ. ಪುಟಗಳು ಮತ್ತೆ ಆಮೆಯ ಹಾಗೆ ತೆವಳುತ್ತಿವೆ. ಯಾರೂ ತುಟಿ ಬಿಚ್ಚಲಿಲ್ಲ. ಸೀಲಣ್ಣನಿಗೆ ಹಲಗೆ ನೋಡಿ ಬರುವ ಕೆಲಸ ವಾಪಸು ಸಿಕ್ಕಿತು. ನನ್ನ ತಪ್ಪಿನಿಂದ ಸುಖವಾದದ್ದು ಅವನೊಬ್ಬನಿಗೆ.

ಅರ್ಧ ದಿನಕ್ಕೇ ಎದ್ದು ಬಂದೆ. ನನ್ನ ಕಂಪ್ಯೂಟರ್ ಚಾಲೂ ಇದೆ, ಕೊನೆಗೆ ಏಳುವವರು ಆರಿಸಿ ಎಂದು ಚೀಟಿ ಅಂಟಿಸಿದೆ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಅಪ್ಪ ಆ ಮೂಲೆಯಲ್ಲೇ ಇದ್ದರು. ಎದುರಿಗೆ ನೆಲದ ಮೇಲೆ ಕುಳಿತೆ.

“ಅಪ್ಪ, ಅಮ್ಮ ಹೋಗೋ ಮೊದಲು ನಿಮ್ಮನ್ನ ಒಂದು ಮಾತು ಕೇಳು ಅಂದಿದ್ಳು. ಅಲ್ಲೇ ಇದ್ದುಬಿಡಲಾ ಅಂತ. ಬೇಡ ಅಂದ್ರೆ ಹೋಗಲ್ಲ ಅಂತಾನೂ ಹೇಳಿದ್ಳು.”

ಅಪ್ಪ ಕನ್ನಡಕ ತೆಗೆದರು. “ಅಲ್ಲೇ ಅಂದ್ರೆ?”

“ಅಲ್ಲೇ. ವಾಪಸು ಬರೋಕಲ್ಲ.”

“ನೀನೇನಂದೆ?”

“ನಿನ್ನಿಷ್ಟ ಅಂದ್ರು ಅಂತ ಹೇಳಿದೆ.”

“ನಾನು ಹಾಗಂದ್ನಾ?”

“ಇಲ್ಲ. ನಾನು ಕೇಳಲೇ ಇಲ್ಲ. ನೀವು ಯಾವಾಗ್ಲೂ ಅದನ್ನೇ ಅಂತೀರಲ್ಲ ಅಂತ...”

ಅಪ್ಪ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತ ಕುಳಿತರು. ಒರೆಸಿ ಮುಗಿಯಲೇ ಇಲ್ಲ.

“ಅದು ಪರದೆ ಬಟ್ಟೆಗೆ ಅಂದ ಮಾತು” ಎಂದರು.

ನನಗೆ ಅಳು ಬಂತು. ಅತ್ತುಬಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡರು. ಆಮೇಲೆ, “ಹೇಳು ಅವಳಿಗೆ, ಬೇಡ ಅಂತ. ಈಗಲೇ ಫೋನ್ ಮಾಡಿ ಹೇಳು” ಎಂದರು.

“ನಾನು ಹೇಳಲ್ಲ ಅಪ್ಪ. ನೀವೇ ಹೇಳಿ.”

“ನಾನಾ?”

“ನನ್ನ ಕೈಲಿ ಆಗಲ್ಲ. ನಿಜವಾಗ್ಲೂ ಆಗಲ್ಲ.”

ನಂಬರು ಒತ್ತಿ ರಿಸೀವರನ್ನು ಅವರ ಕೈಗೆ ಕೊಟ್ಟೆ. ಚಿಕ್ಕಮ್ಮನ ಗಂಟಲಿಗೆ ಫೋನೇ ಬೇಕಾಗಿಲ್ಲ. ನಾನು ನಿಂತಲ್ಲಿಗೇ ಕೇಳಿಸುತ್ತಿತ್ತು. “ಭಾವಾ, ನೀವಾ? ಅಕ್ಕಾ, ಭಾವ ಕಣೇ.” ಆಮೇಲೆ ಮತ್ತೆ ಚಿಕ್ಕಮ್ಮ: “ಏನಂತೆ ಕೇಳು ಅಂತಿದ್ದಾಳೆ, ಭಾವ.”

ಅಲ್ಲೂ ಒಬ್ಬಳು ಸಿಕ್ಕಿದ್ದಾಳೆ ಎಂದುಕೊಂಡೆ.

ಅಪ್ಪ ಗಂಟಲು ಸರಿಮಾಡಿಕೊಂಡರು. “ಫೋನು ಅವಳ ಕೈಗೆ ಕೊಡಮ್ಮ.”

ನಾನು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಬಕೆಟ್ ತುಂಬಿತು, ಚೆಲ್ಲಿದೆ, ಮತ್ತೆ ತುಂಬಿತು. ನಿಲ್ಲಿಸಿ ಇಣುಕಿದಾಗ ಅಪ್ಪ ಇನ್ನೂ ರಿಸೀವರ್ ಹಿಡಿದು ನಿಂತೇ ಇದ್ದರು. ಮತ್ತೆ ನಲ್ಲಿ ಬಿಟ್ಟೆ.

ಕೊನೆಗೆ ಬಾಗಿಲಿಗೆ ಬಂದು, “ನಾಳೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?” ಎಂದರು. ಅಷ್ಟೇ. ಅಮ್ಮ ಏನಂದಳು ಎಂದು ಕೇಳಲು ಬಾಯಿ ತೆರೆದೆ, ಅವರು ಆಗಲೇ ಕಪಾಟಿನಲ್ಲಿ ಒಗೆದ ಅಂಗಿ ಹುಡುಕುತ್ತಿದ್ದರು.

ಜೂನ್ ೨೩, ಭಾನುವಾರ

ಅಪ್ಪ ಬೆಳಿಗ್ಗೆ ಒಬ್ಬರೇ ಹೋದರು. ನಾನು ಮನೆಯಲ್ಲಿ ಏನೂ ಮಾಡಲಿಲ್ಲ. ಏನೂ ಮಾಡದೆ ಒಂದು ದಿನ ಕಳೆದದ್ದು ಯಾವಾಗಲೋ.

ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಜಗಳದ ಸದ್ದು ಕೇಳಿಸಿತು. ಕೆಳಗಿನ ಮನೆಯವರದಿರಬೇಕು ಎಂದುಕೊಂಡೆ. ಆ ಎರಡು ದನಿ ಒಟ್ಟಿಗೆ ಕೇಳಿ ಎಷ್ಟು ಕಾಲವಾಗಿತ್ತೆಂದರೆ ಗುರುತೇ ಹತ್ತಲಿಲ್ಲ.

“ಒಂದು ಮಾತು ಕೇಳದೆ ಮಾರಿಬಿಟ್ರಲ್ಲ.”

“ಇನ್ನೂ ಹೊಲಿದ್ರೆ ಕಣ್ಣು ಹೋಗುತ್ತೆ ಅಂತ ಡಾಕ್ಟ್ರು ಹೇಳಿದ್ರು.”

“ಯಾರಿಗೆ ಹೇಳಿದ್ರು?”

“ನನಗೆ. ನಿನಗೆ ಹೇಳಿ ಅಂದಿದ್ರು.”

“ಮತ್ತೆ ಹೇಳಿದ್ರಾ?”

“ಹೇಳಿದ್ರೆ ನೀನು ಬಿಡ್ತಿದ್ದೆಯಾ?”

“ಬಿಡ್ತಿದ್ನೋ ಇಲ್ವೋ, ಕೇಳಿ ನೋಡಬೇಕಿತ್ತು.”

ಕೆಳಗಿನ ಮನೆಯ ಬಾಗಿಲು ತೆರೆಯಿತು. ಇವರು ನಿಲ್ಲಿಸಲಿಲ್ಲ. ಒಂದೊಂದು ಮೆಟ್ಟಿಲಿಗೆ ಒಂದೊಂದು ವರ್ಷದ ಬಾಕಿ ತೀರಿಸುತ್ತ ಹತ್ತಿ ಬಂದರು. ಪೆಟ್ಟಿಗೆ ಅಪ್ಪನ ಕೈಯಲ್ಲಿತ್ತು, ಕೈಚೀಲವೂ ಅವರದೇ ಹೆಗಲಲ್ಲಿ. ಅಮ್ಮ ನನ್ನನ್ನು ದಾಟಿಕೊಂಡು ಒಳಗೆ ಹೋದಳು. ಮೂಲೆಯಲ್ಲಿದ್ದ ಕುರ್ಚಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆ ಕುರ್ಚಿಯನ್ನು ಬಾಲ್ಕನಿಗೆ ಎಳೆದಳು. ಆಮೇಲೆ ಒಳಗೆ ಬಂದು ಇನ್ನೊಂದನ್ನೂ ಎಳೆದುಕೊಂಡು ಹೋದಳು.

ಚಹಾ ಮಾಡಿಕೊಟ್ಟು ಬಂದೆ. ಜಗಳ ಮುಗಿದಿತ್ತು, ಅಥವಾ ದನಿ ತಗ್ಗಿಸಿಕೊಂಡಿತ್ತು. ಅಪ್ಪ ಏನೋ ಅಂದರು. ಅಮ್ಮ ಏನೋ ಅಂದಳು. ಮಾತು ಸ್ಪಷ್ಟವಾಗಿ ಕೇಳಿಸಲಿಲ್ಲ. ಅಭ್ಯಾಸಬಲ, ಅಡುಗೆಮನೆಯಿಂದಲೇ, “ಏನಂತೆ?” ಎಂದು ಕೂಗಿದೆ.

“ನಿನಗಲ್ಲ” ಎಂದರು ಇಬ್ಬರೂ ಒಟ್ಟಿಗೆ.

ನೀರಿನ ಸದ್ದಿಲ್ಲ, ಮೋಡೆಮಿನ ಸದ್ದಿಲ್ಲ. ಬಾಗಿಲಿಗೆ ಕದವಿಲ್ಲದಿದ್ದರೂ ನನಗೆ ಗೊತ್ತಿಲ್ಲದ ಮಾತೊಂದು ಈ ಮನೆಯಲ್ಲಿ ನಡೆಯುತ್ತಿದೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಬರೆಯಲಿ. ಹೊರಗೆ ಇನ್ನೂ ಬೆಳಕಿದೆ. ಕಣ್ಣು ಎಳೆಯುತ್ತಿದೆ, ಮಲಗುತ್ತೇನೆ. ಊಟಕ್ಕೆ ಹೊತ್ತಾದರೆ ಅವರೇ ಒಬ್ಬರನ್ನೊಬ್ಬರು ಕರೆದುಕೊಳ್ಳಲಿ.